ಇನ್ಫಿನಿಟಿಯನ್ನು ದಾಟಿದ ರೀಡಿಂಗ್

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ನಾನು ಓದಿದ ಕಾಲೇಜಿನಲ್ಲೇ, ಓದಿದ ಲ್ಯಾಬಿನಲ್ಲೇ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ಹುಡುಗರು ಬೆನ್ನ ಹಿಂದೆ ನನ್ನನ್ನು ‘ನೀರು ಬೆರೆಸದ ಆಸಿಡ್’ ಎನ್ನುತ್ತಾರೆ. ಎನ್ನಲಿ. ಆದರೆ ಇದು ನನ್ನ ಕಥೆಯಲ್ಲ, ನಮ್ಮ ಲ್ಯಾಬಿನ ಅಟೆಂಡರ್ ಅಕ್ಕನದು. ನಾನು ಇದರಲ್ಲಿ ಬರುವುದು ತಲೆ ತಗ್ಗಿಸುವುದಕ್ಕೆ ಮಾತ್ರ.

ಅಕ್ಕ ಓದಿದ್ದು ಏಳನೇ ತರಗತಿ. ಇಪ್ಪತ್ತೆರಡು ವರ್ಷದ ಹಿಂದೆ, ಯಾರೋ ರಜೆ ಹಾಕಿದರೆಂದು ಗಾಜಿನ ಸಾಮಾನು ತೊಳೆಯುವುದಕ್ಕೆ ಎರಡು ವಾರದ ಮಟ್ಟಿಗೆ ಬಂದವರು. ರಜೆ ಹಾಕಿದವರು ತಿರುಗಿ ಬರಲಿಲ್ಲ, ಎರಡು ವಾರ ಮುಗಿಯಲೂ ಇಲ್ಲ. ಕಾಗದದಲ್ಲಿ ಮಾತ್ರ ಅವರು ಇವತ್ತಿಗೂ ‘ತಾತ್ಕಾಲಿಕ’. ಪ್ರತಿ ವರ್ಷ ಪರೀಕ್ಷೆ ಮುಗಿದ ಕೂಡಲೇ ಎರಡು ತಿಂಗಳು ಮನೆಗೆ ಕಳಿಸುತ್ತಾರೆ, ಆಮೇಲೆ ಹೊಸಬರನ್ನು ಕರೆದ ಹಾಗೆ ಮತ್ತೆ ಕರೆಯುತ್ತಾರೆ. ಮನೆಯಲ್ಲಿ ಪಂಪು ರಿಪೇರಿ ಮಾಡುವ ಗಂಡ, ಎಂಬತ್ತು ದಾಟಿದ ಅತ್ತೆ. ಆ ಅತ್ತೆ ಸಂಜೆ ಸೊಸೆ ಚಪ್ಪಲಿ ಬಿಡುವ ಸದ್ದು ಕೇಳಿದರೆ ಸಾಕು, ಹಾಸಿಗೆಯಿಂದಲೇ ಕೇಳುತ್ತಾರಂತೆ: “ಕಾಯಂ ಆಯ್ತೇನೇ?” “ಇವತ್ತಿಲ್ಲ ಅತ್ತೆ” ಎಂದು ಹೇಳಿ ಅಕ್ಕ ಒಲೆ ಹಚ್ಚುತ್ತಾರೆ. ಇಪ್ಪತ್ತೆರಡು ವರ್ಷ ಇದೇ ಪ್ರಶ್ನೆ, ಇದೇ ಉತ್ತರ.

ಅವರ ಬಲಗೈಯ ಎರಡು ಬೆರಳ ತುದಿ ಆಸಿಡ್ಡಿಗೆ ಸಿಕ್ಕಿ ನುಣ್ಣಗಾಗಿವೆ. ದ್ರವ ಅಳೆಯುವ ಗಾಜಿನ ಕೊಳವೆ, ಅಂದರೆ ಬ್ಯೂರೆಟ್, ಓದುವಾಗ ಬಗ್ಗುವುದಿಲ್ಲ, ಮಂಡಿಯೂರಿ ಕೂತು ಕಣ್ಣನ್ನು ದ್ರವದ ಮಟ್ಟಕ್ಕೆ ತರುತ್ತಾರೆ. ಕಲಿಸಿದವರು ಯಾರೂ ಇಲ್ಲ, ನೋಡಿ ನೋಡಿ ಕಲಿತದ್ದು. ಅವರಿಗೊಂದು ಅಡ್ಡಹೆಸರೂ ಇದೆ, ‘ಇನ್ಫಿನಿಟಿ ಅಕ್ಕ’. ಅದು ಬಂದದ್ದು ಒಂದು ಪ್ರಯೋಗದಿಂದ. ಕಥೆಗೆ ಬೇಕು, ಆದ್ದರಿಂದ ಅದನ್ನು ಹೇಳುತ್ತೇನೆ. ಹೆದರಬೇಡಿ, ಲೆಕ್ಕ ಕೇಳುವುದಿಲ್ಲ.

ಒಂದು ಫ್ಲಾಸ್ಕಿನಲ್ಲಿ ಆಸಿಡ್ಡಿನ ನೀರು. ಅದಕ್ಕೆ ಉಗುರುಬಣ್ಣದ ವಾಸನೆಯ ಒಂದು ಎಸ್ಟರ್ ಹಾಕುತ್ತೇವೆ. ಹಾಕಿದ ಗಳಿಗೆಯಿಂದ ಅದು ಒಡೆಯುತ್ತ ಹೋಗುತ್ತದೆ, ಒಡೆದಷ್ಟೂ ಹುಳಿ ಹೆಚ್ಚುತ್ತದೆ. ಆಗಾಗ ಐದು ಮಿಲಿ ತೆಗೆದು, ಹುಳಿ ಎಷ್ಟಿದೆ ಎಂದು ಬ್ಯೂರೆಟ್ಟಿನಲ್ಲಿ ಅಳೆದರೆ ಅದೇ ರೀಡಿಂಗ್. ಇದರ ಒಡೆಯುವ ರೀತಿಗೆ ಒಂದು ನಿಯಮವಿದೆ. ತಟ್ಟೆಯಲ್ಲಿರುವ ತಿಂಡಿಯಲ್ಲಿ ಮೊದಲ ಎರಡು ಗಂಟೆಯಲ್ಲಿ ಅರ್ಧ ಖಾಲಿ, ಮುಂದಿನ ಎರಡು ಗಂಟೆಯಲ್ಲಿ ಉಳಿದದ್ದರ ಅರ್ಧ, ಆಮೇಲೆ ಅದರ ಅರ್ಧ, ಹೀಗೆ. ಎಷ್ಟು ಉಳಿದಿದೆಯೋ ಅದಕ್ಕೆ ತಕ್ಕ ವೇಗ. ಇದನ್ನು ಪ್ರಥಮ ದರ್ಜೆಯ ಕ್ರಿಯೆ ಎನ್ನುತ್ತೇವೆ. ಉಳಿದದ್ದರ ಲಾಗ್ ತೆಗೆದು ಕಾಲದ ಎದುರು ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಟ್ಟರೆ ಎಲ್ಲ ಚುಕ್ಕೆಗಳೂ ಒಂದೇ ನೇರ ಗೆರೆಯ ಮೇಲೆ ಕೂರಬೇಕು. ಗೆರೆ ನೇರವಾದರೆ ಪಾಸು.

ಆದರೆ ಎಷ್ಟು ಉಳಿದಿದೆ ಎಂದು ತಿಳಿಯಬೇಕಾದರೆ ಎಲ್ಲ ಮುಗಿದ ಮೇಲೆ ಹುಳಿ ಎಷ್ಟಾಗುತ್ತದೆ ಎಂಬುದು ಮೊದಲು ಗೊತ್ತಿರಬೇಕು. ಆ ಕಡೆಯ ರೀಡಿಂಗಿಗೆ ಇನ್ಫಿನಿಟಿ ಎಂದು ಹೆಸರು. ಹಾಗೇ ಬಿಟ್ಟರೆ ಅದಕ್ಕೆ ಎರಡು ದಿನ ಬೇಕು, ಬಿಸಿ ಮಾಡಿದರೆ ಬೇಗ ಮುಗಿಯುತ್ತದೆ. ಅದಕ್ಕೇ ನಮ್ಮಲ್ಲಿ ಒಂದು ರೂಢಿ. ಹಿಂದಿನ ದಿನವೇ ಅಕ್ಕ ಎಲ್ಲರ ಪರವಾಗಿ ಒಂದು ಫ್ಲಾಸ್ಕ್ ತಯಾರಿಸಿ, ಬಿರಡೆ ಹಾಕಿ, ಆವಿ ಹೊರಗೆ ಹೋಗದ ಹಾಗೆ ಬಿರಡೆಯನ್ನು ದಾರದಿಂದ ಕತ್ತಿಗೆ ಬಿಗಿದು, ಬಿಸಿನೀರಿನಲ್ಲಿ ಇಳಿಬಿಡುತ್ತಾರೆ. ಸಂಜೆ ಆರಿಸಿ, ಅಳೆದು, ಕರಿಹಲಗೆಯ ಬಲಮೂಲೆಯಲ್ಲಿ ಒಂದು ಸಂಖ್ಯೆ ಬರೆಯುತ್ತಾರೆ. ಹುಳಿ ಅಳೆಯಲು ಬ್ಯೂರೆಟ್ಟಿಗೆ ತುಂಬುವ ಕ್ಷಾರವನ್ನು ಪ್ರತಿ ಸಲ ಹೊಸದಾಗಿ ಕಲಸುವುದರಿಂದ ಸಂಖ್ಯೆಯೂ ಪ್ರತಿ ಸಲ ಬೇರೆ. ಹುಡುಗರೆಲ್ಲ ಅದನ್ನೇ ಬರೆದುಕೊಳ್ಳುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ಆ ಮೂಲೆಯ ಸಂಖ್ಯೆಯನ್ನು ಯಾರೂ, ನಾನೂ ಸೇರಿ, ಇನ್ನೊಮ್ಮೆ ಅಳೆದು ನೋಡಿರಲಿಲ್ಲ.

ಆ ಕರಿಹಲಗೆಯ ಪಕ್ಕದಲ್ಲೇ ಗಾಜಿನ ಚೌಕಟ್ಟಿನೊಳಗೆ ಒಂದು ಮಾದರಿ ಗ್ರಾಫ್ ನೇತಾಡುತ್ತಿತ್ತು. ಒಂಬತ್ತು ಚುಕ್ಕೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲದ ಗೆರೆ. ಅದು ನನ್ನದು. ನಾನು ವಿದ್ಯಾರ್ಥಿನಿಯಾಗಿದ್ದಾಗ ಬರೆದದ್ದು. ಪ್ರತಿ ವರ್ಷ ಮೊದಲ ದಿನವೇ ಅದನ್ನು ತೋರಿಸಿ “ಗೆರೆ ಅಂದ್ರೆ ಹೀಗಿರಬೇಕು” ಎಂದು ಬೀಗುತ್ತಿದ್ದೆ.

ಆ ಗುರುವಾರ ಅಕ್ಕ ಫ್ಲಾಸ್ಕಿಗೆ ಬಿರಡೆ ಹಾಕಿ ದಾರಕ್ಕೆ ಕೈ ಹಾಕುವ ಹೊತ್ತಿಗೆ ಆಫೀಸಿನ ಗುಮಾಸ್ತರು ಬಾಗಿಲಲ್ಲಿ ನಿಂತು ಕರೆದರು: “ಅಕ್ಕಾ, ನಿಮ್ಮ ಕಾಯಂ ಫೈಲು ಬಂದಿದೆ. ಫೋಟೋ, ಸಹಿ ಎಲ್ಲ ಈಗಲೇ ಬೇಕಂತೆ.” ಅಕ್ಕ ಫ್ಲಾಸ್ಕನ್ನು ಬಿಸಿನೀರಿಗೆ ಇಳಿಬಿಟ್ಟು ಓಡಿದರು. ಫೋಟೋ ತೆಗೆಸಿ, ಎಂಟು ಕಡೆ ಸಹಿ ಮಾಡಿ, ತಿರುಗಿ ಬಂದಾಗ ಮಧ್ಯಾಹ್ನ. ಲ್ಯಾಬಿನ ತುಂಬ ಉಗುರುಬಣ್ಣದ ವಾಸನೆ. ಯಾರೋ ಸೀಸೆ ತೆರೆದಿಟ್ಟಿದ್ದಾರೆ ಎಂದುಕೊಂಡು ಕಿಟಕಿ ತೆಗೆದರಂತೆ. ಬೇರೆ ದಿನವಾಗಿದ್ದರೆ ಆ ವಾಸನೆ ಎಲ್ಲಿಂದ ಬಂತೆಂದು ಮೂಲೆಮೂಲೆ ಮೂಸುತ್ತಿದ್ದರು. ಆವತ್ತು ಅವರ ಕಾಲು ನೆಲದ ಮೇಲಿರಲಿಲ್ಲ. ಸಂಜೆ ಅಳೆದು ಕರಿಹಲಗೆಯ ಮೂಲೆಯಲ್ಲಿ ಬರೆದರು: 24.1.

ನನ್ನ ಮೇಜಿನ ಮೇಲೂ ಒಂದು ಫಾರ್ಮ್ ಬಂದು ಕೂತಿತ್ತು. ಅಕ್ಕನ ಕೆಲಸದ ಬಗ್ಗೆ ನಾನು ತುಂಬಬೇಕಾದದ್ದು. ಹನ್ನೊಂದು ಪ್ರಶ್ನೆ. ಹನ್ನೊಂದನೆಯದು: ‘ಕರ್ತವ್ಯದಲ್ಲಿ ಲೋಪ ಕಂಡುಬಂದಿದೆಯೇ? ಹೌದು / ಇಲ್ಲ.’ ‘ಇಲ್ಲ’ ಎಂದಿರುವ ಫಾರ್ಮುಗಳು ಮಾತ್ರ ಈ ವರ್ಷದ ಸಮಿತಿಯ ಮುಂದೆ ಹೋಗುತ್ತವೆ ಎಂದು ಕೆಳಗೆ ಬರೆದಿತ್ತು. ಮಂಗಳವಾರ ಸಂಜೆಯೊಳಗೆ ಕೊಡಬೇಕು. ಇದಕ್ಕೇನು ಮಹಾ ಯೋಚನೆ ಎಂದು ಪುಸ್ತಕದ ಅಡಿಗೆ ಸೇರಿಸಿಟ್ಟೆ.

ಶುಕ್ರವಾರ ಪ್ರಯೋಗ. ಮೂವತ್ತೆರಡು ಜನ. ಬೆಳಿಗ್ಗೆ ಹತ್ತಕ್ಕೆ ಶುರು, ಮಧ್ಯಾಹ್ನ ಮೂರಕ್ಕೆ ಕಡೆಯ ರೀಡಿಂಗ್. ಮೊದಲ ಒಂದು ಗಂಟೆಯಲ್ಲಿ ಐದು, ಆಮೇಲೆ ಗಂಟೆಗೊಂದು, ಒಟ್ಟು ಒಂಬತ್ತು. ಮೊದಲ ಗಂಟೆ ನಾನು ಓಡಾಡಿಕೊಂಡಿದ್ದೆ, ಆಮೇಲೆ ಎಂದಿನಂತೆ ಸ್ಟಾಫ್ ರೂಮಿಗೆ ಹೋಗಿ ಕೂತೆ. ಮೂರಕ್ಕೆ ತಿರುಗಿ ಬಂದರೆ ಎಲ್ಲರೂ ಜಾಗದಲ್ಲಿದ್ದಾರೆ, ಎಲ್ಲರ ಪುಸ್ತಕದಲ್ಲೂ ಒಂಬತ್ತು ರೀಡಿಂಗ್ ಇದೆ.

ಆಗ ಎದ್ದು ನಿಂತವಳು ಆಮೆ. ಕ್ಲಾಸಿನವರು ಇಟ್ಟ ಹೆಸರು. ಎಲ್ಲರೂ ಒಂದು ಸಲ ಮಾಡುವುದನ್ನು ಅವಳು ಮೂರು ಸಲ ಮಾಡುತ್ತಾಳೆ. ಹಿಂದಿನ ಎರಡು ವರ್ಷವೂ ಪ್ರಾಕ್ಟಿಕಲ್ಲಿನಲ್ಲಿ ಎಡವಿದವಳು, ಇದು ಅವಳ ಕಡೆಯ ಅವಕಾಶ.

“ಮೇಡಂ, ನನ್ನ ರೀಡಿಂಗ್ ಇನ್ಫಿನಿಟಿ ದಾಟಿಬಿಟ್ಟಿದೆ” ಎಂದಳು.

ಇಡೀ ಲ್ಯಾಬ್ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನೂ ನಕ್ಕೆ, ಸುಳ್ಳು ಹೇಳುವುದೇಕೆ. ನೋಡಿದರೆ ಮೂರು ಗಂಟೆಯ ರೀಡಿಂಗ್ 24.3. ಕರಿಹಲಗೆಯಲ್ಲಿ 24.1. ಎಲ್ಲ ಮುಗಿದ ಮೇಲೆ ಇರುವುದಕ್ಕಿಂತ, ಮುಗಿಯುವ ಮೊದಲೇ ಜಾಸ್ತಿ.

“ಸಂತೆಗೆ ಹೋಗೋ ಮುಂಚೆನೇ ಸಂತೆ ಮುಗಿಸಿ ಬಂದ್ಯಾ?” ಎಂದೆ. “ಕಣ್ಣು ಎಲ್ಲಿಟ್ಕೊಂಡು ಓದ್ತೀಯಾ ಬ್ಯೂರೆಟ್‌ನ?”

“ಮೂರು ಸಲ ನೋಡಿದೆ ಮೇಡಂ.”

“ಮೂರು ಸಲ ತಪ್ಪು ನೋಡಿದ್ರೆ ಸರಿಯಾಗುತ್ತಾ?”

ಅವಳು ಪುಸ್ತಕ ಮುಚ್ಚಿ ಕೂತಳು. ಮುಖ ಕೆಂಪಾಗಿತ್ತು. ಶನಿವಾರ ರೆಕಾರ್ಡುಗಳು ಬಂದವು. ಮೂವತ್ತೊಂದು ಗ್ರಾಫುಗಳಲ್ಲಿ ಗೆರೆ ನೆಟ್ಟಗೆ ನಿಂತಿತ್ತು, ಮೂವತ್ತೊಂದಕ್ಕೂ ಸಹಿ ಹಾಕಿದೆ. ಆಮೆಯ ಗೆರೆ ಅರ್ಧ ದಾರಿಯವರೆಗೆ ಸರಿಯಿದ್ದು ಆಮೇಲೆ ಮುಗ್ಗರಿಸಿ ಬಿದ್ದಿತ್ತು. ಕಡೆಯ ಚುಕ್ಕೆ ಇಡುವುದಕ್ಕೆ ಜಾಗವೇ ಇಲ್ಲದೆ ಹಾಗೇ ಬಿಟ್ಟಿದ್ದಳು. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ‘ಅಜಾಗರೂಕತೆ’ ಎಂದು ಬರೆದೆ. ಸಹಿ ಇಲ್ಲದ ರೆಕಾರ್ಡ್ ಹಿಡಿದು ಪರೀಕ್ಷೆಗೆ ಕೂರುವಂತಿಲ್ಲ, ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಸೋಮವಾರ ಬೆಳಿಗ್ಗೆ ಅಕ್ಕ ಸ್ಟಾಫ್ ರೂಮಿನ ಬಾಗಿಲಿಗೆ ಬಂದರು.

“ಮೇಡಂ, ಸ್ವಲ್ಪ ಬನ್ನಿ. ಒಂದು ತಪ್ಪಾಗಿದೆ.”

“ಯಾರದ್ದು?”

“ನಂದು.”

ಲ್ಯಾಬಿನ ಕಟ್ಟೆಯ ಮೇಲೆ ಬಿರಡೆ ಬಿಗಿದ ಒಂದೇ ಒಂದು ಫ್ಲಾಸ್ಕ್ ಇತ್ತು. ಶುಕ್ರವಾರ ಹೋಗುವಾಗ ಆಮೆ ಕೇಳಿಕೊಂಡಿದ್ದಳಂತೆ, ‘ಅಕ್ಕಾ, ನಂದೊಂದು ತೊಳೀಬೇಡಿ, ಹಾಗೇ ಇರ್ಲಿ’ ಎಂದು. ಹೇಳದೆ ಯಾರ ಫ್ಲಾಸ್ಕನ್ನೂ ತೊಳೆಯುವುದಿಲ್ಲ ಎಂಬುದು ಅಕ್ಕನ ನಿಯಮ. ಮೂರು ದಿನ ಅದು ಅಲ್ಲೇ ಕೂತು, ಬಿಸಿಯ ಹಂಗಿಲ್ಲದೆ ತನ್ನಷ್ಟಕ್ಕೇ ಇನ್ಫಿನಿಟಿ ಮುಟ್ಟಿತ್ತು. ಅಕ್ಕ ಅದರಿಂದ ಐದು ಮಿಲಿ ತೆಗೆದು ಎರಡು ಸಲ ಅಳೆದಿದ್ದರು. ಎರಡು ಸಲವೂ 26.8.

“ಗುರುವಾರ ನಾನು ದಾರ ಕಟ್ಟಲಿಲ್ಲ ಮೇಡಂ” ಎಂದರು ಅಕ್ಕ. “ಬಿರಡೆ ಸಡಿಲ ಇತ್ತು. ವಾಸನೆ ಬಂತು, ಆದ್ರೂ ತಲೆಗೆ ಹೋಗ್ಲಿಲ್ಲ. ಎಸ್ಟರ್ ಒಡೆದು ಹುಳಿಯಾಗೋ ಮುಂಚೆನೇ ಒಂದಿಷ್ಟು ಹಾರಿಹೋಗಿದೆ. ನಾನು ಬೋರ್ಡಲ್ಲಿ ಬರೆದಿದ್ದು ತಪ್ಪು. ಆ ಹುಡುಗಿ ಕಣ್ಣು ಸರಿಯಾಗೇ ಇದೆ.”

ನಾನು ಆಮೆಯ ರೆಕಾರ್ಡ್ ತೆಗೆದು, ಅವಳ ಒಂದೇ ಒಂದು ರೀಡಿಂಗನ್ನೂ ಮುಟ್ಟದೆ, 24.1ರ ಜಾಗದಲ್ಲಿ 26.8 ಇಟ್ಟು ಲೆಕ್ಕ ಹಾಕಿದೆ. ಹೊಸ ಹಾಳೆಯಲ್ಲಿ ಚುಕ್ಕೆ ಇಡುತ್ತ ಹೋದೆ. ಸ್ಕೇಲು ಇಟ್ಟೆ. ಒಂಬತ್ತೂ ಚುಕ್ಕೆ ಸ್ಕೇಲಿನ ಅಂಚಿಗೆ ಬಂದು ಕೂತವು. ಆ ಕೆಂಪು ಶಾಯಿಯನ್ನು ಉಗುರಿನಿಂದ ಕೆರೆದು ತೆಗೆಯಬೇಕು ಅನ್ನಿಸಿತು.

ಅಷ್ಟರಲ್ಲಿ ತಲೆಗೆ ಇನ್ನೊಂದು ಹೊಳೆಯಿತು. ಕಡೆಯ ಸಂಖ್ಯೆಯೇ ತಪ್ಪಾಗಿದ್ದರೆ ಎಲ್ಲರ ಗೆರೆಯೂ ಮುಗ್ಗರಿಸಬೇಕಿತ್ತಲ್ಲ? ಉಳಿದ ಮೂವತ್ತೊಂದು ಹೇಗೆ ನೆಟ್ಟಗಿದ್ದವು? ಕಟ್ಟಿನಿಂದ ಒಂದು ರೆಕಾರ್ಡ್ ಎಳೆದು ಅದಕ್ಕೂ 26.8 ಹಾಕಿ ನೋಡಿದೆ. ಮೊದಲ ಗಂಟೆಯ ಐದು ಚುಕ್ಕೆ ಸರಿ, ಆಮೇಲಿನ ನಾಲ್ಕು ಮೇಲಕ್ಕೆ ಡೊಂಕು. ಇನ್ನೊಂದು ಎಳೆದೆ, ಅದೂ ಡೊಂಕು. ಹತ್ತು ನೋಡಿದೆ, ಹತ್ತೂ ನಾಯಿಬಾಲ. ಒಬ್ಬರೂ ಮೊದಲ ಗಂಟೆಯ ಮೇಲೆ ಬ್ಯೂರೆಟ್ ಮುಟ್ಟಿರಲಿಲ್ಲ. ಐದು ಚುಕ್ಕೆಗೆ ಸ್ಕೇಲು ಹಿಡಿದು ಗೆರೆ ಎಳೆದು, ಗೆರೆಯಿಂದ ಉಳಿದ ನಾಲ್ಕು ರೀಡಿಂಗನ್ನು ಹುಟ್ಟಿಸಿಕೊಂಡಿದ್ದರು. ಗೆರೆ ನೇರ ಇರಲೇಬೇಕು ಎಂದು ಮೊದಲ ದಿನವೇ ಹೇಳಿಕೊಟ್ಟವಳು ನಾನೇ ತಾನೆ.

“ಮೂವತ್ತೊಂದು ಜನಕ್ಕೂ ನಾಳೆ ಸೊನ್ನೆ” ಎಂದೆ. “ಹೊಟ್ಟೆಗೆ ಅನ್ನ ತಿನ್ನೋರು ಮಾಡೋ ಕೆಲಸನಾ ಇದು? ಅಪ್ಪ ಅಮ್ಮನ್ನ ಕರೆಸ್ತೀನಿ ಒಬ್ಬೊಬ್ಬರದ್ದೂ.”

ಅಕ್ಕ ನಲ್ಲಿ ತಿರುಗಿಸಿ ಕೈ ತೊಳೆಯುತ್ತಿದ್ದರು. ನನ್ನ ಕಡೆ ತಿರುಗಲಿಲ್ಲ.

“ನಿಮ್ಮ ಫ್ಲಾಸ್ಕ್‌ನೂ ಹನ್ನೆರಡರೊಳಗೇ ತೊಳೆದಿದ್ದೆ ಮೇಡಂ” ಎಂದರು. “ನೀವು ಈ ಪ್ರಯೋಗ ಮಾಡಿದ ದಿನ ‘ತೊಳೀರಿ ಅಕ್ಕ’ ಅಂತ ಹೇಳಿ ಸಿನಿಮಾಕ್ಕೆ ಹೋದ್ರಲ್ಲ.”

ಗೋಡೆಯ ಮೇಲಿನ ಚೌಕಟ್ಟನ್ನು ನಾನು ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ. ಇಷ್ಟು ವರ್ಷ ಅದರ ಅಡಿಯಲ್ಲಿ ನಿಂತು ನಾನು ಬೀಗುವಾಗಲೆಲ್ಲ ಈ ಹೆಂಗಸು ಪಕ್ಕದಲ್ಲೇ ಗಾಜು ಒರೆಸುತ್ತಿದ್ದರು. ಒಂದು ದಿನ ತುಟಿ ಎರಡು ಮಾಡಿರಲಿಲ್ಲ. ನನಗೆ ಅಷ್ಟು ನಾಚಿಕೆ ಹಿಂದೆಂದೂ ಆಗಿಲ್ಲ, ಮುಂದೆ ಆಗುವುದೂ ಬೇಡ.

ಸ್ವಲ್ಪ ಹೊತ್ತಾದ ಮೇಲೆ ನಾನು ಕಳ್ಳದಾರಿ ಹುಡುಕಿದೆ. “ಅಕ್ಕ, ಆ ಹುಡುಗಿ ರೆಕಾರ್ಡಿಗೆ ನಾನು ಸಹಿ ಹಾಕಿಬಿಡ್ತೀನಿ. ವಿಷಯ ಇಲ್ಲಿಗೇ ಮುಗೀಲಿ. ನಾಳೆ ನಿಮ್ಮ ಫಾರ್ಮ್ ಕೊಡಬೇಕು. ಹನ್ನೊಂದನೇ ಪ್ರಶ್ನೆಗೆ ‘ಹೌದು’ ಅಂತ ಬಿದ್ರೆ ಈ ವರ್ಷ ನಿಮ್ಮ ಫೈಲು ಮುಂದಕ್ಕೆ ಹೋಗಲ್ಲ.”

“ಅವಳನ್ನ ನೋಡಿ ಎಲ್ಲರ ಎದುರಿಗೆ ನಕ್ರಿ. ಸರಿ ಅಂತಾನೂ ಎಲ್ಲರ ಎದುರಿಗೇ ಹೇಳಬೇಕಲ್ವಾ?”

“ಹೇಳೋಣ. ನಾನೇ ಹೇಳ್ತೀನಿ. ಫಾರ್ಮಲ್ಲಿ ‘ಇಲ್ಲ’ ಅಂತ ಬರೀತೀನಿ, ಅಷ್ಟೇ.”

“ಬ್ಯೂರೆಟ್ಟಲ್ಲಿ ಒಂದು, ಪುಸ್ತಕದಲ್ಲಿ ಒಂದು. ಈಗ ತಾನೆ ಅದಕ್ಕೇ ಹುಡುಗರನ್ನ ಬೈದ್ರಿ ನೀವು.”

ಅವರ ಕಣ್ಣು ತುಂಬಿಕೊಂಡಿತ್ತು. ಸೆರಗಿನಲ್ಲಿ ಒರೆಸಿಕೊಂಡರು. “ಕಾಯಂ ಆಗೋದು ನಂಗೆ ಬೇಡ ಅಂತ ಅಂದ್ಕೋಬೇಡಿ ಮೇಡಂ. ಬೇಕು. ಬೇಕೇ ಬೇಕು. ನಮ್ಮತ್ತೆ ಉಸಿರು ಹಿಡ್ಕೊಂಡಿರೋದೇ ಅದಕ್ಕೆ. ಆದ್ರೆ ಆ ಮೂಲೇಲಿ ನಾನು ಬರೆದಿದ್ದನ್ನ ಇಷ್ಟು ವರ್ಷ ಯಾರೂ ಇನ್ನೊಂದು ಸಲ ಅಳೀಲಿಲ್ಲ. ನನ್ನ ಮಾತು ನಂಬಿದ್ರು. ಅದೊಂದೇ ನಂಗೆ ಇಲ್ಲಿ ಕಾಯಂ ಆಗಿರೋದು. ಅದನ್ನೂ ಕಳ್ಕೊಂಡ್ರೆ ಏನಿದೆ?”

ಮಂಗಳವಾರ ಕ್ಲಾಸಿನಲ್ಲಿ ಅಕ್ಕ ಕರಿಹಲಗೆಯ ಹತ್ತಿರ ಹೋಗಿ 24.1ರ ಮೇಲೆ ಗೆರೆ ಎಳೆದು ಪಕ್ಕದಲ್ಲಿ 26.8 ಎಂದು ಬರೆದರು. “ನಾನು ದಾರ ಕಟ್ಟೋದು ಮರೆತೆ. ತಪ್ಪು ನಂದು. ಇವಳೊಬ್ಬಳು ಸರಿಯಾಗಿ ಅಳೆದಿದ್ಳು” ಎಂದು ಆಮೆಯ ಕಡೆ ಕೈ ತೋರಿಸಿದರು. ಆಮೆ ಎದ್ದು ನಿಲ್ಲಬೇಕೋ ಕೂರಬೇಕೋ ತಿಳಿಯದೆ ಬೆಂಚಿನ ಅಂಚು ಹಿಡಿದುಕೊಂಡಳು. ಉಳಿದವರಿಗೆ ನಾನು ಏನೂ ಹೇಳಿರಲಿಲ್ಲ. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೂವತ್ತೊಂದು ಜನ, ಆವತ್ತು ಬೆಳಿಗ್ಗೆಯಷ್ಟೇ ನಾನು ತಿರುಗಿ ಕೊಟ್ಟಿದ್ದ ರೆಕಾರ್ಡನ್ನು ಬ್ಯಾಗಿನೊಳಕ್ಕೆ ತಳ್ಳುತ್ತಿದ್ದರು.

ನಾನು ಸ್ಟೂಲು ಹತ್ತಿ ಗೋಡೆಯ ಚೌಕಟ್ಟನ್ನು ಇಳಿಸಿದೆ. “ಇದರಲ್ಲಿ ಕಡೇ ನಾಲ್ಕು ಚುಕ್ಕೆ ಸುಳ್ಳು” ಎಂದೆ. “ಸ್ಕೇಲು ಇಟ್ಟು ಹಾಕಿದ್ದು. ಹಾಕಿದವಳು ನಾನು. ಬರೋ ಶುಕ್ರವಾರ ಎಲ್ಲರೂ ಮತ್ತೆ ಮಾಡ್ತೀವಿ.” ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿರುತ್ತಿತ್ತು. ಆಮೆಯ ಹಾಳೆಗೆ ಸಹಿ ಹಾಕಿ, ‘ಅಜಾಗರೂಕತೆ’ ಎಂಬುದರ ಕೆಳಗೆ ‘ನನ್ನದು’ ಎಂದು ಸೇರಿಸಿದೆ.

ಸಂಜೆ ಫಾರ್ಮ್ ತುಂಬಿದೆ. ಹನ್ನೊಂದನೇ ಪ್ರಶ್ನೆಗೆ ‘ಹೌದು, ಒಂದು’ ಎಂದು ಬರೆದು, ಅದನ್ನು ಕಂಡುಹಿಡಿದವರೂ ಹೇಳಿದವರೂ ಸರಿಪಡಿಸಿದವರೂ ಅವರೇ ಎಂದೂ, ಇಷ್ಟು ವರ್ಷ ಅವರ ಸಂಖ್ಯೆಯನ್ನು ಒಮ್ಮೆಯೂ ಪರೀಕ್ಷಿಸದಿದ್ದದ್ದು ನನ್ನ ಲೋಪ ಎಂದೂ ಸೇರಿಸಿದೆ. ಎರಡು ಪುಟವಾಯಿತು. ಸಮಿತಿ ಓದಿದ್ದು ಮೊದಲ ಪದ ಮಾತ್ರ. ಎರಡೇ ದಿನಕ್ಕೆ ಫೈಲು ವಾಪಸು ಬಂತು: ‘ಮುಂದಿನ ವರ್ಷ ಪರಿಶೀಲಿಸಲಾಗುವುದು.’ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾನು ಪ್ರಿನ್ಸಿಪಾಲರ ಕೋಣೆಯಲ್ಲಿ ಕೂಗಾಡಿ ಬಂದೆ, ಏನೂ ಪ್ರಯೋಜನವಾಗಲಿಲ್ಲ.

ಆವತ್ತು ಸಂಜೆ ಅಕ್ಕನ ಅತ್ತೆ ಎಂದಿನಂತೆ ಕೇಳಿದರಂತೆ. ಅಕ್ಕ ಆದದ್ದೆಲ್ಲ ಹೇಳಿದರಂತೆ. ಮುದುಕಿ, “ಹಾಗಾದ್ರೆ ಇನ್ನೂ ಒಂದು ವರ್ಷ ನಾನು ಸಾಯೋ ಹಾಗಿಲ್ಲ ಅನ್ನು” ಎಂದರಂತೆ. ಅಕ್ಕ ಇದನ್ನು ನನಗೆ ಹೇಳುವಾಗ ನಗುತ್ತಿದ್ದರು. ನನಗೆ ನಗು ಬರಲಿಲ್ಲ.

ಶುಕ್ರವಾರ ಮತ್ತೆ ಪ್ರಯೋಗ. ಅಕ್ಕ ಈ ಸಲ ಎರಡು ಇನ್ಫಿನಿಟಿ ಫ್ಲಾಸ್ಕ್ ಮಾಡಿದ್ದರು, ಎರಡಕ್ಕೂ ದಾರ ಬಿಗಿದಿತ್ತು. ನಾನು ಸ್ಟಾಫ್ ರೂಮಿಗೆ ಹೋಗಲಿಲ್ಲ. ಕಡೆಯ ಬೆಂಚಿನಲ್ಲಿ, ಆಮೆಯ ಪಕ್ಕದಲ್ಲಿ, ನನಗೂ ಒಂದು ಫ್ಲಾಸ್ಕ್ ಇಟ್ಟುಕೊಂಡು ನಿಂತೆ. ಒಂದು ಗಂಟೆಯಲ್ಲಿ ಐದು ರೀಡಿಂಗ್. ಹನ್ನೆರಡಕ್ಕೆ ಒಂದು, ಒಂದಕ್ಕೆ ಒಂದು, ಎರಡಕ್ಕೆ ಒಂದು. ಮಂಡಿಯೂರಿ ಕೂತು ಓದಿ ಓದಿ ಮೊಣಕಾಲು ಹಿಡಿದುಕೊಂಡಿತು. ಮೂರಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಅಕ್ಕ ಬಕೆಟ್ಟು, ಬ್ರಷ್ಷು ಹಿಡಿದು ನನ್ನ ಬೆಂಚಿನ ಹತ್ತಿರ ಬಂದು ನಿಂತರು.

“ತೊಳೀಲಾ ಮೇಡಂ?” ಎಂದರು.

“ತಾಳಿ ಅಕ್ಕ” ಎಂದೆ. “ಇನ್ನೊಂದು ರೀಡಿಂಗ್ ಇದೆ.”